ಹೆಗಲ ಮೇಲಿನ ರೈಫಲ್ ಅಲ್ಲೇ ಇರಲಿ

ಆತ್ಮೀಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾರೆ. ಕೊನೆಯ ಸಾಲಿನವರೆಗೆ ನೀವು ಆಸೆ ಹಿಡಿದುಕೊಂಡು ಓದುವುದು ಬೇಡ ಅಂತ ಮೊದಲೇ ಹೇಳುತ್ತಿದ್ದೇನೆ. ಆದರೆ ಸುಮ್ಮನೆ ವಾಪಸ್ ಕಳಿಸಿಬಿಡುವ ಕಥೆಯೂ ಇದಲ್ಲ.

1999ರ ಕಾರ್ಗಿಲ್. ಲೋಕಾಪುರದ ಹುಡುಗನೊಬ್ಬ ಬಂಡೆಯ ಮರೆಯಲ್ಲಿ ಗಾಯಗೊಂಡು ಬಿದ್ದ ಪಾಕಿಸ್ತಾನಿ ಸೈನಿಕನಿಗೆ ನೀರು ಕುಡಿಸುತ್ತಾನೆ. 'ಯುದ್ಧದಾಗ ದಯಾ ಇಲ್ಲ, ಮುಗಿಸು' ಎಂದು ಅಧಿಕಾರಿ ಕೂಗುತ್ತಾನೆ. ಹುಡುಗ ರೈಫಲ್ ಅನ್ನು ಕಣಿವೆಗೆ ಎಸೆದು ನಡೆದುಬಿಡುತ್ತಾನೆ. ಚಳಿಗೆ ಬೆರಳು ಬಗ್ಗದೆ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸುತ್ತಾನಲ್ಲ, ಅಲ್ಲಿ ನನ್ನ ಹಲ್ಲೂ ಜುಮ್ಮೆಂದಿತು. ಅದಾದ ಮೇಲೆ ಕಥೆ ನಿಮ್ಮ ಕೈ ತಪ್ಪಿದೆ.

ಮೊದಲು ಆ ಅಧಿಕಾರಿ. ಗಾಯಗೊಂಡು ಹೋರಾಡಲಾಗದೆ ಬಿದ್ದವನನ್ನು ಕೊಲ್ಲುವಂತಿಲ್ಲ, ಯಾವ ಕಡೆಯವನಾದರೂ ಅವನಿಗೆ ಆರೈಕೆ ಸಿಗಬೇಕು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ಭಾರತ ಅದನ್ನು ಒಪ್ಪಿಕೊಂಡಿದೆ, 1960ರಲ್ಲಿ ಕಾಯ್ದೆಯನ್ನೂ ಮಾಡಿದೆ. ಅಂದರೆ ನೀರು ಕುಡಿಸಿದ ನಿಮ್ಮ ಹುಡುಗ ನಿಯಮ ಪಾಲಿಸಿದವನು, ಮುರಿಯಹೊರಟವನು ಅಧಿಕಾರಿ. ಅಂಥ ಅಧಿಕಾರಿ ಇರುವುದೇ ಇಲ್ಲ ಎನ್ನುತ್ತಿಲ್ಲ. ಇದ್ದರೆ ಅವನು ತಪ್ಪು ಮಾಡುತ್ತಿದ್ದಾನೆಂಬುದು ಕಥೆಗೆ ಗೊತ್ತಿರಬೇಕು. ನಿಮ್ಮ ಕಥೆ ಅವನ ಮಾತನ್ನೇ ಸೈನ್ಯದ ಧರ್ಮ ಎಂದು ನಂಬಿಬಿಟ್ಟಿದೆ.

ಇನ್ನು ಆ ರೈಫಲ್. ನನ್ನ ದೊಡ್ಡ ತಕರಾರು ಇದೇ. ಕರುಣೆ ಬಂದವನು ಯುದ್ಧ ಬಿಡಲೇಬೇಕು ಎಂದು ನಿಮಗೆ ಹೇಳಿದವರು ಯಾರು? ನೀವು ಮುಧೋಳದವರು, ರನ್ನ ನಿಮ್ಮೂರಿನವನು. ಗದಾಯುದ್ಧದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ. ತನ್ನ ಮಗ ಲಕ್ಷಣಕುಮಾರನನ್ನು ಕೊಂದ ಹುಡುಗ ಅವನು. ಆದರೂ ನಿನ್ನಂಥ ಪರಾಕ್ರಮ ಬೇರೆಯವರಿಗೆ ಆಗದು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಹಾಗಂತ ಗದೆ ಬಿಸಾಡಲಿಲ್ಲ. ಹಗೆ, ಗೌರವ, ಸಂಕಟ ಎಲ್ಲ ಒಂದೇ ಎದೆಯಲ್ಲಿ ಇವೆ. ಓದುವಾಗ ನಮಗೆ ಗಂಟಲು ಕಟ್ಟುವುದು ಅದಕ್ಕೇ.

ಕಾರ್ಗಿಲ್‌ನಲ್ಲೇ ನಡೆದದ್ದನ್ನು ನೋಡಿ. ಟೈಗರ್ ಹಿಲ್‌ನಲ್ಲಿ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಎಂಬುದು ಹುದ್ದೆಯಲ್ಲ, ಅವನ ಹೆಸರೇ) ಎಂಬ ಪಾಕಿಸ್ತಾನಿ ಅಧಿಕಾರಿ ನಮ್ಮವರ ಮೇಲೆ ಪ್ರತಿದಾಳಿ ನಡೆಸಿ ಸತ್ತ. ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಶವವನ್ನು ಕಳಿಸುವಾಗ ಅದರ ಜೇಬಿನಲ್ಲಿ ಒಂದು ಚೀಟಿ ಇಟ್ಟರು. ಈತ ಬಹಳ ಧೈರ್ಯದಿಂದ ಹೋರಾಡಿದ, ಇವನಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬರ್ಥದ ಚೀಟಿ. ಪಾಕಿಸ್ತಾನ ಅವನಿಗೆ ತನ್ನ ಅತ್ಯುನ್ನತ ಸೇನಾ ಪದಕ ನಿಶಾನ್-ಎ-ಹೈದರ್ ಕೊಟ್ಟಿತು. ಟೈಗರ್ ಹಿಲ್ ಅನ್ನು ಬಾಜ್ವಾ ಬಿಟ್ಟುಕೊಟ್ಟಿರಲಿಲ್ಲ.

ನನ್ನ ಸೋದರಮಾವ 1971ರ ಯುದ್ಧದ ಕೈದಿಗಳ ಶಿಬಿರದಲ್ಲಿ ಕಾವಲಿಗಿದ್ದ. ಸೆರೆಸಿಕ್ಕವರು ಮನೆಗೆ ಪತ್ರ ಬರೆಯಲು ಕೂತರೆ ಇವನು ಬೆನ್ನು ತಿರುಗಿಸಿ ನಿಲ್ಲುತ್ತಿದ್ದನಂತೆ. 'ಅಂವ ಹೆಂಡ್ತಿಗೆ ಬರ್ಕೋಂತ ಅಳೂದನ್ನ ನಾ ಯಾಕ ನೋಡ್ಲಿ' ಎನ್ನುತ್ತಿದ್ದ. ಹೆಗಲ ಮೇಲಿನ ಬಂದೂಕು ಇಳಿಸುತ್ತಿದ್ದೆಯಾ ಎಂದು ಕೇಳಿದ್ದೆ. 'ಹುಚ್ಚ ಅದೀ ಏನ, ಕಾವಲಿಗೆ ನಿಂತಾಂವ ನಾ' ಅಂದ.

ಶತ್ರುವಿನ ಮೇಲೆ ಕರುಣೆಗೆ ಯುದ್ಧದಲ್ಲಿ ಜಾಗ ಇದೆ ಎಂದು ನೀವೂ ನಂಬಿದ್ದೀರಿ, ನಾನೂ ನಂಬಿದ್ದೇನೆ. ಆದರೆ ನಿಮ್ಮ ಹುಡುಗನಿಗೆ ನೀವು ಬಲು ಸುಲಭದ ದಾರಿ ಕೊಟ್ಟಿರಿ. ರೈಫಲ್ ಎಸೆದ, ಕಥೆ ಮುಗಿಯಿತು. ಎಸೆಯದಿದ್ದರೆ? ಗಾಯಾಳುವನ್ನು ಬೆನ್ನ ಮೇಲೆ ಹೊತ್ತು ಇಳಿಯಬೇಕು. ಬೆಳಗಾದರೆ ಮತ್ತೆ ಅದೇ ಗುಡ್ಡ ಹತ್ತಬೇಕು, ಅವನ ಜೊತೆಗಾರರ ಮೇಲೆ ಗುಂಡು ಹಾರಿಸಬೇಕು. ಆ ರಾತ್ರಿ ಹುಡುಗ ಏನು ಯೋಚಿಸಿದ, ಊಟ ಸೇರಿತೋ ಇಲ್ಲವೋ, ಅದನ್ನು ಬರೆಯಿರಿ. ಗಾಯಾಳು ತಾಯಿಯನ್ನು ನೆನೆದು ಮಾಡುವ ಒಂದು ಪುಟದ ಭಾಷಣ ತೆಗೆಯಿರಿ. ಅಷ್ಟು ರಕ್ತ ಹೋದವನಿಗೆ ಅಷ್ಟು ಮಾತು ಬರುವುದಿಲ್ಲ.

ಮುಂಗಾರಿ ಬಿತ್ತನೆ ಮುಗಿದ ಮೇಲೆ ಕಳಿಸಿದರೂ ನಡೆಯುತ್ತದೆ, ಅವಸರವಿಲ್ಲ. ಹಲ್ಲಿನಿಂದ ಮುಚ್ಚಳ ತಿರುಗಿಸುವ ಸಾಲನ್ನು ಮಾತ್ರ ಮುಟ್ಟಬೇಡಿ.

ನಿಮ್ಮ,
ಸಂಪಾದಕ
ಬಾಗಲಕೋಟೆ