ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿದರೆ ಸಾಕಾ?

ಸಕಲೇಶಪುರದಿಂದ ಕೇಳಿದ್ದೀರಿ, ಅಪ್ಪನ ಸೊಂಟದ ಎಡಗಡೆ ಉರಿಯುವ ನೀರುಗುಳ್ಳೆ ನಿನ್ನೆಯಿಂದ ಎದ್ದಿದೆ, ಕೆಮ್ಮಣ್ಣು ಹಚ್ಚಿ ನೋಡೋಣವಾ ಅಂತ. ಬೇಡ. ಇವತ್ತೇ ಕ್ರಾಫರ್ಡ್ ಆಸ್ಪತ್ರೆಗೆ ತೋರಿಸಿ. ನೀವು ಹೇಳಿದ್ದು ಸರ್ಪಸುತ್ತಿನ ಹಾಗೇ ಇದೆ, ಆದರೂ ಡಾಕ್ಟರ್ ಕಣ್ಣಲ್ಲಿ ನೋಡಿಯೇ ಹೇಳಬೇಕು. ಇದನ್ನು ತರೋದು ಹರ್ಪಿಸ್ ಗುಂಪಿನ ವೈರಸ್. ಹಿಂದೆ ಯಾವಾಗಲೋ ಸೀತಾಳೆ ಸಿಡುಬು ತಂದ ವೈರಸ್ಸೇ ನರದ ಬುಡದಲ್ಲಿ ಅಡಗಿ ಕೂತಿದ್ದು, ವಯಸ್ಸಾದ ಮೇಲೋ ಮೈ ಶಕ್ತಿ ಕುಗ್ಗಿದಾಗಲೋ ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ, ಅದಕ್ಕೇ ಒಂದೇ ಮಗ್ಗುಲಲ್ಲಿ ಪಟ್ಟಿ ಏಳೋದು. ಸುತ್ತು ಕೂಡಿದರೆ ಜೀವ ಹೋಗುತ್ತದೆ ಅನ್ನೋದೆಲ್ಲ ಸುಮ್ನೆ ಹೆದರಿಕೆ.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ತಡೆಯುವ ಔಷಧಿ, ಅಸೈಕ್ಲೋವಿರ್ ಅಥವಾ ವಾಲಾಸೈಕ್ಲೋವಿರ್, ಶುರುವಾದರೆ ಗುಣ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ ಕೇಳಿ ನೀವೇ ಕೊಡಬೇಡಿ, ಕಿಡ್ನಿ ತೊಂದರೆ ಇದ್ದರೆ ಡೋಸ್ ಬದಲಾಗುತ್ತದೆ. ಮಣ್ಣು ಮೆತ್ತಿದರೆ ಒಡೆದ ಗುಳ್ಳೆ ಕೀವಾಗಬಹುದು, ತೆಳು ಬಟ್ಟೆ ಮುಚ್ಚಿದರೆ ಸಾಕು. ಸೀತಾಳೆ ಸಿಡುಬು ಆಗದ ಮಕ್ಕಳು, ಬಸುರಿಯರು ಹುಣ್ಣು ಒಣಗುವವರೆಗೆ ಮುಟ್ಟಬಾರದು, ಅವರಿಗೆ ಅದು ಬರಬಹುದು.

ಹಣೆಗೋ ಕಣ್ಣಿನ ಹತ್ತಿರವೋ ಎದ್ದರೆ ಮಾತ್ರ ಕಾಯಬೇಡಿ, ಸೀದಾ ಹಾಸನದ ಹಿಮ್ಸ್ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಳ್ಳೆ ಒಣಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ ನೋವು ಉಳಿಯುತ್ತದೆ, ಅದಕ್ಕೆ ಬೇರೆ ಮಾತ್ರೆ ಇದೆ.