ಎದುರಾಳಿಯ ಎಲೆ ಕಾಣದಾಗ ಓಮಾಹಾ ಲೆಕ್ಕ

ಪ್ರಶ್ನೆ: ಓಮಾಹಾ ಪೋಕರ್‌ನಲ್ಲಿ ಎದುರಾಳಿಗಳ ಎಲೆಗಳು ಗೊತ್ತಿಲ್ಲದಿರುವಾಗ ನನ್ನ ಕೈಯ ಈಕ್ವಿಟಿಯನ್ನು, ಅಂದರೆ ಪಣದ ಹಣದಲ್ಲಿ ಸರಾಸರಿ ನನಗೆ ಸಿಗಬೇಕಾದ ಪಾಲನ್ನು, ಅಂದಾಜು ಮಾಡುವುದು ಹೇಗೆ? ಒಬ್ಬರೆದುರು ಅದು ಶೇ. 60 ಇದ್ದರೆ, ಮೂವರೆದುರು ಎಷ್ಟೆಂದು ತಿಳಿಯಲು 0.6 ಅನ್ನು ಮೂರು ಸಲ ಗುಣಿಸಿದರೆ ಸಾಕೇ?

ಉತ್ತರ: ಸಾಲದು. ಮೂವರೊಡನೆ ನಡೆಯುವ ಸ್ಪರ್ಧೆಗಳು ಒಂದಕ್ಕೊಂದು ಸಂಬಂಧವಿಲ್ಲದವಾಗಿದ್ದರೆ ಮಾತ್ರ ಆ ಗುಣಾಕಾರ ಸರಿ. ಇಲ್ಲಿ ಎಲ್ಲರಿಗೂ ಮೇಜಿನ ಮೇಲಿನ ಐದು ಎಲೆಗಳೇ ಆಧಾರವಾದ್ದರಿಂದ, ನಿಮಗೆ ಒದಗಿದ ಎಲೆ ಮೂವರನ್ನೂ ಒಟ್ಟಿಗೆ ಸೋಲಿಸಬಹುದು. ನಾಲ್ವರೂ ಎಲೆ ನೋಡದೆ ಆಡಿದರೆ ಪ್ರತಿಯೊಬ್ಬರ ಪಾಲು ಶೇ. 25 ಎಂಬುದರಲ್ಲಿ ಸಂದೇಹವಿಲ್ಲ. ನಿಮ್ಮ ಸೂತ್ರದಂತೆ 0.5 ಅನ್ನು ಮೂರು ಸಲ ಗುಣಿಸಿದರೆ ಸಿಗುವುದು ಶೇ. 12.5 ಮಾತ್ರ.

ಓಮಾಹಾದಲ್ಲಿ ಪ್ರತಿಯೊಬ್ಬರ ಕೈಗೂ ನಾಲ್ಕು ಎಲೆ; ಫ್ಲಾಪ್ (ಮೇಜಿನ ಮೊದಲ ಮೂರು ಎಲೆಗಳು) ಬಿದ್ದ ಮೇಲೆ ನಿಮಗೆ ಕಾಣದ ಎಲೆಗಳು 45. ಒಬ್ಬ ಎದುರಾಳಿಯ ನಾಲ್ಕು ಎಲೆಗಳಿಗೆ 1,48,995 ಸಾಧ್ಯತೆಗಳಿದ್ದು, ಪ್ರತಿಯೊಂದಕ್ಕೂ ಮುಂದಿನ ಎರಡು ಎಲೆಗಳು 820 ಬಗೆಯಲ್ಲಿ ಬರಬಹುದಾದ್ದರಿಂದ ಒಟ್ಟು ಹನ್ನೆರಡು ಕೋಟಿಗೂ ಹೆಚ್ಚು ಪರಿಣಾಮಗಳಾಗುತ್ತವೆ. ಎದುರಾಳಿಗಳು ಹೆಚ್ಚಿದಂತೆ ಎಲ್ಲವನ್ನೂ ಎಣಿಸುವುದು ಕಂಪ್ಯೂಟರಿಗೂ ಭಾರವಾಗುತ್ತದೆ. ಆಗ ಎಲೆಗಳನ್ನು ಮನಬಂದಂತೆ ಹಂಚಿಸಿ ಸರಾಸರಿ ತೆಗೆಯುವ ಮಾಂಟೆ ಕಾರ್ಲೋ ವಿಧಾನವೇ ಅನುಕೂಲ. ಹತ್ತು ಸಾವಿರ ಹಂಚಿಕೆಗಳಾದರೆ ತಪ್ಪು ಸಾಮಾನ್ಯವಾಗಿ ಶೇ. 1ರ ಆಚೀಚೆಗೆ ಇಳಿಯುತ್ತದೆ.

ಆದರೆ ನಿಜವಾದ ತೊಡಕು ಬೇರೆ ಕಡೆ ಇದೆ ಎಂಬುದು ನನ್ನ ಅಭಿಪ್ರಾಯ. ಫ್ಲಾಪ್‌ನಲ್ಲಿ ಮೂರು ಆಟೀನ್ ಎಲೆಗಳು ಬಿದ್ದಿವೆ, ಎಕ್ಕ ಅವುಗಳಲ್ಲಿಲ್ಲ, ನಿಮ್ಮ ಕೈಯಲ್ಲಿ ಆಟೀನ್ ರಾಜನೂ ಇನ್ನೊಂದು ಆಟೀನ್ ಎಲೆಯೂ ಇವೆ ಎಂದುಕೊಳ್ಳಿ. ಓಮಾಹಾದಲ್ಲಿ ಕೈಯಿಂದ ಸರಿಯಾಗಿ ಎರಡೇ ಎಲೆಗಳನ್ನು ಬಳಸಬೇಕಾದ್ದರಿಂದ, ನಿಮ್ಮ ಫ್ಲಶ್ ಅನ್ನು (ಒಂದೇ ಜಾತಿಯ ಐದು ಎಲೆಗಳ ಕೈ) ಎಕ್ಕದ ಫ್ಲಶ್‌ನಿಂದ ಮೀರಿಸಲು ಎದುರಾಳಿಗೆ ಎಕ್ಕದ ಜೊತೆ ಕನಿಷ್ಠ ಇನ್ನೊಂದು ಆಟೀನ್ ಬೇಕು. ಅಂತಹ ಕೈಗಳು 5,474, ಅಂದರೆ ಸುಮಾರು ಶೇ. 3.7; ಎರಡೇ ಎಲೆಗಳ ಹೋಲ್ಡೆಮ್‌ನಲ್ಲಿ ಇದೇ ಸಂಭವ ಶೇ. 0.65ರಷ್ಟು. ಆಟೀನ್ ಎಕ್ಕ ಒಬ್ಬರ ಬಳಿ ಮಾತ್ರ ಇರಬಹುದಾದ್ದರಿಂದ ಐವರೆದುರು ಇದನ್ನು ನೇರವಾಗಿ ಐದರಿಂದ ಗುಣಿಸಬಹುದು: ಶೇ. 18ಕ್ಕೂ ಮಿಗಿಲು.

ಇದೆಲ್ಲ ಎದುರಾಳಿ ಏನನ್ನೂ ಮಾಡದೆ ಕುಳಿತಿರುವಾಗಿನ ಲೆಕ್ಕ. ಆತ ದೊಡ್ಡ ಮೊತ್ತ ಕಟ್ಟಿದ ಕ್ಷಣದಿಂದ ಅವನ ಕೈಯನ್ನು ಮನಬಂದಂತೆ ಹಂಚಿದ ಕೈಯೆಂದು ಎಣಿಸುವಂತಿಲ್ಲ. ಎಕ್ಕದ ಫ್ಲಶ್ ಇದ್ದಾಗಲೆಲ್ಲ ಕಟ್ಟುವ, ಉಳಿದ ಕೈಗಳಲ್ಲಿ ಹತ್ತಕ್ಕೊಂದರಲ್ಲಿ ಮಾತ್ರ ಕಟ್ಟುವ ಆಟಗಾರನಾದರೆ, ಶೇ. 3.7 ಇದ್ದದ್ದು ಸುಮಾರು ಶೇ. 28 ಆಗುತ್ತದೆ, ಇಪ್ಪತ್ತೈದಕ್ಕೊಂದರಲ್ಲಿ ಕಟ್ಟುವ ಜಾಗರೂಕನಾದರೆ ಹತ್ತಿರಹತ್ತಿರ ಅರ್ಧಕ್ಕೇರುತ್ತದೆ. ಆದ್ದರಿಂದ ಹಂಚಿಕೆಗಳ ಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಏರಿಸುವ ಮೊದಲು, ಆತ ಯಾವ ಯಾವ ಕೈಗಳಲ್ಲಿ ಹಣ ಕಟ್ಟಬಲ್ಲ ಎಂಬ ಪಟ್ಟಿಯನ್ನು ತಂತ್ರಾಂಶಕ್ಕೆ ಒದಗಿಸಿ.