ಕಸದ ಕವರ್‌ನಲ್ಲಿದ್ದ ಸೂಜಿ ಅಮ್ಮನ ಬೆರಳಿಗೆ ಚುಚ್ಚಿದೆ. ಈಗ ಏನು ಮಾಡಬೇಕು?

ಇದನ್ನು ಪೂರ್ತಿ ಓದುವವರೆಗೆ ಕಾಯಬೇಡಿ. ಅಮ್ಮನನ್ನು ಕರೆದುಕೊಂಡು ಈಗಲೇ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಿ.

ನೀವು ಬರೆದಿರುವುದು ಇದು. ಅಮ್ಮ ಒಂದು ನರ್ಸಿಂಗ್ ಹೋಮ್‌ನಲ್ಲಿ ಕಾಂಟ್ರಾಕ್ಟ್ ಮೇಲೆ ಕ್ಲೀನಿಂಗ್ ಕೆಲಸ ಮಾಡುತ್ತಾರೆ. ನಿನ್ನೆ ಸಂಜೆ ಐದರ ಹೊತ್ತಿಗೆ ಕಸದ ಕವರ್ ಕಟ್ಟುವಾಗ ಒಳಗಿದ್ದ ಸೂಜಿ ಬೆರಳಿಗೆ ಚುಚ್ಚಿ ರಕ್ತ ಬಂತು. ಸೂಪರ್‌ವೈಸರ್, "ಸ್ಪಿರಿಟ್ ಹಚ್ಕೊ, ಏನೂ ಆಗಲ್ಲ, ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು" ಎಂದರು. ಅಮ್ಮನೂ ಸುಮ್ಮನಾಗಿಬಿಟ್ಟರು. ನಿಜವಾಗಿಯೂ ಏನೂ ಆಗಲ್ವಾ ಅಂತ ನಿಮ್ಮ ಪ್ರಶ್ನೆ.

ಏನೂ ಆಗದೇ ಇರುವ ಸಾಧ್ಯತೆಯೇ ಜಾಸ್ತಿ. ಆದರೆ ಆಗದಂತೆ ತಡೆಯುವ ಔಷಧಿಗಳಿಗೆ ಗಡಿಯಾರದ ಲೆಕ್ಕ ಇದೆ. ಎಚ್‌ಐವಿ ತಡೆಯುವ ಮಾತ್ರೆ ಚುಚ್ಚಿದ 2 ಗಂಟೆಯೊಳಗೆ ಶುರುವಾದರೆ ತುಂಬಾ ಒಳ್ಳೆಯದು, 72 ಗಂಟೆ ಮೀರಿದರೆ ಕೊಡುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ನಾಡಿದ್ದು ಸಂಜೆ ಐದಕ್ಕೆ ಮುಗಿಯುತ್ತದೆ. ಹಾಗಂತ ಅಲ್ಲಿಯವರೆಗೆ ಸಮಯ ಇದೆ ಅಂದುಕೊಳ್ಳಬೇಡಿ. ಒಂದೊಂದು ಗಂಟೆ ಕಳೆದಂತೆ ಔಷಧಿಯ ಉಪಯೋಗ ಕಮ್ಮಿಯಾಗುತ್ತದೆ.

ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಓಪಿಡಿ ಮುಚ್ಚಿದ್ದರೆ ಕ್ಯಾಶುಯಾಲ್ಟಿಗೆ ಹೋಗಿ. "ಆಸ್ಪತ್ರೆ ಕೆಲಸದಲ್ಲಿ ಸೂಜಿ ಚುಚ್ಚಿದೆ, ಪಿಇಪಿ ಬೇಕಾ ನೋಡಿ" ಎಂದು ಹೇಳಿ. ಎಚ್‌ಐವಿ ತಡೆಯುವ ಆ ಮಾತ್ರೆಗೇ ಪಿಇಪಿ ಅನ್ನುವುದು, ಆ ಮೂರು ಅಕ್ಷರ ಅಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಮಾತ್ರೆ ಉಚಿತ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ, ಅದು ಏಡ್ಸ್ ನಿಯಂತ್ರಣದವರ ಉಚಿತ ಸಹಾಯವಾಣಿ. ಅಮ್ಮ ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನೂ ಕೊಂಡೊಯ್ಯಿರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಗಾಯವನ್ನು ಹಿಂಡಬೇಡಿ, ಕೊಯ್ಯಬೇಡಿ, ಬಾಯಲ್ಲಿಟ್ಟು ಚೀಪಬೇಡಿ. ಸ್ಪಿರಿಟ್ಟೂ ಬೇಡ. ನಲ್ಲಿ ನೀರು ಮತ್ತು ಸೋಪು ಸಾಕು. ಇನ್ನು ಆ ಸೂಜಿಯನ್ನು ಹುಡುಕಿ ತಂದು ಟೆಸ್ಟ್ ಮಾಡಿಸೋಣ ಅಂತ ಕಸಕ್ಕೆ ಕೈ ಹಾಕಬೇಡಿ. ಸೂಜಿಯನ್ನು ಟೆಸ್ಟ್ ಮಾಡುವ ಪದ್ಧತಿ ಇಲ್ಲ, ಇನ್ನೊಂದು ಸಲ ಚುಚ್ಚಿಸಿಕೊಂಡಂತಾಗುತ್ತದೆ ಅಷ್ಟೆ.

ನಾನು ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಹೀಗಾಗಿತ್ತು. ರಾತ್ರಿ ಪಾಳಿಯಲ್ಲಿ ರಕ್ತ ತೆಗೆದು, ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡೆ. ರೋಗಿಯ ಕೇಸ್ ಶೀಟ್‌ನಲ್ಲಿ ಹೆಪಟೈಟಿಸ್ ಬಿ (ರಕ್ತದಿಂದ ಹರಡಿ ಲಿವರ್ ಕೆಡಿಸುವ ವೈರಸ್ ಸೋಂಕು) ಪಾಸಿಟಿವ್ ಅಂತ ಇತ್ತು. ನಾನು ಲಸಿಕೆಯ ಒಂದೇ ಡೋಸ್ ತೆಗೆದುಕೊಂಡಿದ್ದೆ, ಉಳಿದೆರಡನ್ನು ಮುಂದಕ್ಕೆ ಹಾಕುತ್ತಲೇ ಬಂದಿದ್ದೆ. ಬೈಯುತ್ತಾರೆ ಅನ್ನೋ ಭಯಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬೆಳಗಿನವರೆಗೆ ಯಾರಿಗೂ ಹೇಳಲಿಲ್ಲ. ಹ್ಯಾಂಡೋವರ್ ಹೊತ್ತಿಗೆ ಬಂದ ಸೀನಿಯರ್ ಸಿಸ್ಟರ್ ಬೆರಳು ನೋಡಿ "ಯಾವಾಗ?" ಎಂದು ಒಂದೇ ಪ್ರಶ್ನೆ ಕೇಳಿದರು. ಬೈಯಲಿಲ್ಲ. ಕೈ ಹಿಡಿದುಕೊಂಡು ಕ್ಯಾಶುಯಾಲ್ಟಿಗೆ ಕರೆದೊಯ್ದರು. 24 ಗಂಟೆಯೊಳಗೆ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ (ಆ ವೈರಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯಗಳು) ಸಿಕ್ಕಿತು, ಲಸಿಕೆಯೂ ಮುಂದುವರಿಯಿತು. ಆರು ತಿಂಗಳ ನಂತರದ ರಿಪೋರ್ಟ್ ನೆಗೆಟಿವ್ ಬಂತು. ಆ ಆರು ತಿಂಗಳು ಹೇಗೆ ಕಳೆದೆ ಅಂತ ನನಗೇ ಗೊತ್ತು.

ಅದಕ್ಕೇ ಹೇಳುತ್ತಿದ್ದೇನೆ. ಸೂಜಿ ಚುಚ್ಚಿದರೆ ಜನ ಎಚ್‌ಐವಿ ಒಂದಕ್ಕೇ ಹೆದರುತ್ತಾರೆ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸುಮಾರು 300ಕ್ಕೆ ಒಬ್ಬರಿಗೆ. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಆಗದವರಲ್ಲಿ 100ಕ್ಕೆ 6ರಿಂದ 30 ಜನರಿಗೆ ತಗಲಬಹುದು. ಒಣಗಿದ ರಕ್ತದಲ್ಲೂ ಆ ವೈರಸ್ ಕನಿಷ್ಠ ಏಳು ದಿನ ಬದುಕಿರುತ್ತದೆ. ಹೆಪಟೈಟಿಸ್ ಸಿ ತಗಲುವುದು 100ಕ್ಕೆ ಇಬ್ಬರಿಗಿಂತ ಕಮ್ಮಿ. ಅದನ್ನು ಮೊದಲೇ ತಡೆಯುವ ಮಾತ್ರೆ ಇಲ್ಲ, ಆದರೆ ಬೇಗ ಗೊತ್ತಾದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ.

ಹಾಗಾಗಿ ಡಾಕ್ಟರ್ ಹತ್ತಿರ ಅಮ್ಮನಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಇಲ್ಲವಾ ಅನ್ನೋದನ್ನು ಮೊದಲು ಹೇಳಿ. ಆಗಿಲ್ಲದಿದ್ದರೆ ಇವತ್ತೇ ಮೊದಲ ಡೋಸ್ ಕೇಳಿ. ನಂತರ ಒಂದು ತಿಂಗಳಿಗೆ, ಆರು ತಿಂಗಳಿಗೆ ಇನ್ನೆರಡು. ಇಮ್ಯುನೋಗ್ಲಾಬ್ಯುಲಿನ್ ಬೇಕಾ ಅನ್ನೋದನ್ನು ಅವರು ನಿರ್ಧರಿಸುತ್ತಾರೆ. ಟಿಟಿ ಇಂಜೆಕ್ಷನ್ ಬಗ್ಗೆಯೂ ಕೇಳಿ. ಇವತ್ತು ರಕ್ತ ಪರೀಕ್ಷೆಗೆ ತೆಗೆದುಕೊಳ್ಳುತ್ತಾರೆ. ಅದು ನಿನ್ನೆ ಸೂಜಿಯಿಂದ ಏನಾಯಿತು ಅಂತ ತಿಳಿಯಲಿಕ್ಕಲ್ಲ, ಅಷ್ಟು ಬೇಗ ತಿಳಿಯುವುದೂ ಇಲ್ಲ. ನಿನ್ನೆಗಿಂತ ಮುಂಚೆ ಅಮ್ಮನಿಗೆ ಯಾವ ಸೋಂಕೂ ಇರಲಿಲ್ಲ ಎಂಬ ದಾಖಲೆ ಅದು. ಮುಂದೆ ಪರಿಹಾರ ಕೇಳಬೇಕಾದರೆ ಆ ಕಾಗದ ಬೇಕು. ಆಮೇಲೆ 6 ವಾರಕ್ಕೆ, 3 ತಿಂಗಳಿಗೆ, 6 ತಿಂಗಳಿಗೆ ಮತ್ತೆ ಪರೀಕ್ಷೆ.

ಸೂಜಿ ಯಾವ ರೋಗಿಯದು ಅಂತ ಗೊತ್ತಿಲ್ಲದಿದ್ದಾಗ ಪಿಇಪಿ ಬೇಕಾ ಬೇಡವಾ ಎಂಬುದು ಡಾಕ್ಟರ್ ತೀರ್ಮಾನ. ಸೂಜಿಯಲ್ಲಿ ರಕ್ತ ಕಾಣುತ್ತಿತ್ತಾ, ಎಷ್ಟು ಆಳಕ್ಕೆ ಹೋಯಿತು, ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳಿತ್ತಾ, ಹೊಲಿಗೆ ಹಾಕುವ ಗಟ್ಟಿ ಸೂಜಿಯಾ, ಕೈಗೆ ಗ್ಲೌಸ್ ಇತ್ತಾ ಎಂದೆಲ್ಲ ಕೇಳುತ್ತಾರೆ. ಈಗಲೇ ಅಮ್ಮನ ಹತ್ತಿರ ನೆನಪು ಮಾಡಿಸಿ.

ಮಾತ್ರೆ ಕೊಟ್ಟರೆ 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ವಾಕರಿಕೆ, ತಲೆನೋವು, ನಿದ್ದೆ ಕೆಡುವುದು ಸ್ವಲ್ಪ ದಿನ ಇರಬಹುದು. ಅಷ್ಟಕ್ಕೇ ನಿಲ್ಲಿಸಬೇಡಿ, ವಾಪಸ್ ಹೋಗಿ ಹೇಳಿ. ಮಾತ್ರೆ ಚೀಟಿ ತನ್ನಿ ಅಂದಿದ್ದು ಇದಕ್ಕೆ: ಈಗ ಕೊಡುವ ಪಿಇಪಿಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧಿ ಇರುತ್ತದೆ. ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಅಸಿಡಿಟಿ ಔಷಧಿಗಳನ್ನು ಅದರ ಜೊತೆಗೇ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತದೇ ಹೋಗಬಹುದು. ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದರ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ಮನೆಯಲ್ಲಿ ಅಮ್ಮ ಎಂದಿನಂತೆ ಅಡುಗೆ ಮಾಡಲಿ, ಮೊಮ್ಮಕ್ಕಳಿದ್ದರೆ ಎತ್ತಿಕೊಳ್ಳಲಿ. ತಟ್ಟೆ ಲೋಟ ಬೇರೆ ಇಡಬೇಡಿ. ಅದು ಸೂಜಿಗಿಂತ ಜಾಸ್ತಿ ಚುಚ್ಚುತ್ತದೆ. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ರಕ್ತದಾನ ಬೇಡ, ಅಪ್ಪ ಅಮ್ಮ ಕಾಂಡೋಮ್ ಬಳಸಬೇಕು. ಇದನ್ನು ನೀವೇ ಹೇಳಲು ಸಂಕೋಚವಾದರೆ ಆಸ್ಪತ್ರೆಯಲ್ಲಿರುವ ಐಸಿಟಿಸಿ (ಎಚ್‌ಐವಿ ಪರೀಕ್ಷೆ ಮತ್ತು ಸಲಹೆ ಕೇಂದ್ರ) ಕೌನ್ಸೆಲರ್ ಹೇಳುತ್ತಾರೆ.

ಈಗ "ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು" ಎಂಬ ಮಾತಿಗೆ ಬರುತ್ತೇನೆ, ಅದನ್ನು ಓದಿ ನನಗೆ ಹೊಟ್ಟೆ ಉರಿಯಿತು. ಕಟ್ಟಿದ ಕವರ್ ಒಳಗಿನದು ಯಾರಿಗೆ ಕಾಣುತ್ತದೆ? ತಪ್ಪು ಆ ಸೂಜಿಯನ್ನು ಅಲ್ಲಿ ಹಾಕಿದವರದು, ಅಂದರೆ ನಮ್ಮಂಥ ನರ್ಸುಗಳದು, ಡಾಕ್ಟರುಗಳದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಯಾವ ಬಣ್ಣದ ಕವರ್‌ಗೂ ಅಲ್ಲ. ಅದೇ ನಿಯಮ ಹೇಳುವಂತೆ, ಈ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸುವುದು ಆಸ್ಪತ್ರೆಯ ಜವಾಬ್ದಾರಿ. ಕಾಂಟ್ರಾಕ್ಟಿನವರು ಅನ್ನೋದು ನೆಪ ಅಷ್ಟೆ. ಕೆಲಸದಲ್ಲಿ ಎಚ್‌ಐವಿ ತಗಲುವ ಅಪಾಯ ಎದುರಾದವರಿಗೆ ಪಿಇಪಿ ಒದಗಿಸಬೇಕು ಎಂದು 2017ರ ಎಚ್‌ಐವಿ ಕಾಯ್ದೆಯಲ್ಲೂ ಇದೆ.

ಅದಕ್ಕೇ ಇವತ್ತು ಡಾಕ್ಟರನ್ನು ನೋಡಿದ ಮೇಲೆ, ನಾಳೆ ನರ್ಸಿಂಗ್ ಹೋಮ್‌ಗೆ ಒಂದು ಪತ್ರ ಕೊಡಿ. ದಿನ, ಹೊತ್ತು, ವಾರ್ಡ್, ಯಾವ ಬೆರಳು, ಯಾವ ಬಣ್ಣದ ಕವರ್, ಇಷ್ಟು ಬರೆದರೆ ಸಾಕು. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಅಮ್ಮನ ಸಂಬಳದಲ್ಲಿ ಇಎಸ್‌ಐ ಹಿಡಿಯುತ್ತಿದ್ದರೆ ಇದು ಕೆಲಸದ ವೇಳೆ ಆದ ಗಾಯ ಅಂತ ಅಲ್ಲೂ ದಾಖಲಾಗಬೇಕು. ಕೆಲಸ ಹೋಗುತ್ತೆ ಅಂತ ಅಮ್ಮ ಹೆದರಬಹುದು, ಆ ಹೆದರಿಕೆ ಸುಳ್ಳಲ್ಲ. ಪತ್ರ ಕೊಡೋದು ಬೇಡ ಅಂದರೆ ಒತ್ತಾಯ ಮಾಡಬೇಡಿ. ಆಸ್ಪತ್ರೆಗೆ ಬರೋದಿಲ್ಲ ಅಂದರೆ ಮಾತ್ರ ಬಿಡಬೇಡಿ.

ಡಾಕ್ಟರ್ ಏನು ಹೇಳಿದರು ಅಂತ ಇಲ್ಲೇ ಕೆಳಗೆ ಬರೆಯಿರಿ. ನನಗೆ ಇವತ್ತು ನೈಟ್ ಡ್ಯೂಟಿ, ಬೆಳಗ್ಗೆ ಮನೆಗೆ ಬಂದ ಕೂಡಲೇ ನೋಡುತ್ತೇನೆ.